ಸೊಸೆ ಅಳುವ ಆಲೂಗಡ್ಡೆ

ಕುಸ್ಕೋ ಬೆಟ್ಟದ ನಮ್ಮೂರಲ್ಲಿ ಹೊಸ ಸೊಸೆ ಬಂದರೆ, ಅತ್ತೆ ಅವಳ ಕೈಗೆ ಚಾಕು ಕೊಟ್ಟು, ಮೈತುಂಬ ಗಂಟಿರುವ ಒಂದು ಆಲೂಗಡ್ಡೆಯ ಸಿಪ್ಪೆ ಸುಲಿಸುತ್ತಾಳೆ. ತಿರುಳು ಪೋಲಾಗಬಾರದು. ಅಳದೆ ಸುಲಿದ ಸೊಸೆಯನ್ನು ಯಾರೂ ಕಂಡಿಲ್ಲ. ನನ್ನ ಸೊಸೆ ಯೆಸೆನಿಯಾ ಮಾತ್ರ ಹಿತ್ತಲಿಗೆ ಹೋದವಳು, ಒಂದು ಗಂಟೂ ಮುಕ್ಕಾಗದಂತೆ ಸುಲಿದ ಗಡ್ಡೆ ಹಿಡಿದು ನಗುನಗುತ್ತಾ ಬಂದಳು. ಪೇಟೆ ಹುಡುಗಿ ಅವಳು, ನೀರು ಕಾಯಿಸಲೂ ಬಾರದು.

“ನೀನೇ ಸುಲಿದ್ಯೇನೇ?”

“ಹೂಂ ಅತ್ತೆ.”

ಅವಳ ಕೈ ನೋಡಿದೆ, ಒಂದು ಗೀರಿಲ್ಲ. ಮಗನ ಕೈಯನ್ನೂ ನೋಡಿದೆ, ಅಲ್ಲೂ ಇಲ್ಲ. ಎಲ್ಲರೂ ಊಟಕ್ಕೆ ಕೂತಾಗ ನನ್ನ ಗಂಡ ಕ್ರಿಸಾಂತೊ ಎಡಗೈಯಲ್ಲಿ ಚಮಚ ಹಿಡಿದಿದ್ದರು. ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

“ಕೈಗೇನಾಯ್ತು ನಿಮ್ಗೆ?”

“ವಯಸ್ಸಾಯ್ತು ಕಣೇ. ನಿನ್ನ ಗಡ್ಡೆ ಸುಲ್ಕೊಟ್ಟಾಗ ಕೈ ಹೀಗೆ ನಡುಗ್ತಿರ್ಲಿಲ್ಲ,” ಎಂದರು, ಸೊಸೆಯ ಎದುರಿಗೇ.