ಹುರುಳಿ ಡಬ್ಬದಲ್ಲಿ ಎರಡು ಮೊಟ್ಟೆ

ನಾನು ಒಂದು ಐಸ್‌ಕ್ರೀಂ ಡಬ್ಬ. ಹುಟ್ಟಿದ್ದು ಬಿಸಿ ಅಚ್ಚಿನೊಳಗೆ, ಬೆಳೆದದ್ದು ಕೊರೆಯುವ ಚಳಿಯಲ್ಲಿ. ತಿಪಟೂರಿನ ಒಂದು ಮನೆಗೆ ಬಂದ ಸಂಜೆಯೇ ನನ್ನ ಹೊಟ್ಟೆ ಖಾಲಿಯಾಯಿತು. ನನ್ನಂಥವರ ಆಯುಷ್ಯ ಅಲ್ಲಿಗೆ ಮುಗಿಯಬೇಕು. ಆದರೆ ಆ ಮನೆಯ ಅಜ್ಜಿ ಪುಟ್ಟನಂಜಮ್ಮ ನನ್ನನ್ನು ತೊಳೆದು, ಬಿಸಿಲಿಗೆ ಕವುಚಿ, ಹುರುಳಿಕಾಳು ತುಂಬಿಸಿದರು. ಮೊದಲ ನಮಸ್ಕಾರ ಅವರಿಗೆ.

ಎರಡನೆಯದು ಮೊಮ್ಮಗಳು ಮೇಘಶ್ರೀಗೆ. ಕಾಲೇಜು ಹುಡುಗಿ. ಗಾಜಿನ ಪೆಟ್ಟಿಗೆಗಳಲ್ಲಿ ಎರಡು ಗೆಕ್ಕೊ ಸಾಕಿದ್ದಳು. ಗೆಕ್ಕೊ ಎಂದರೆ ಹಲ್ಲಿಯ ನೆಂಟ. ಇವು ಆಫ್ರಿಕಾ ಮೂಲದವು, ಬಾಲ ಎಳೆ ಬದನೆಕಾಯಿಯ ಹಾಗೆ ದಪ್ಪ. ತಿಂದ ಸತ್ವವನ್ನು ಅಲ್ಲೇ ಕೂಡಿಡುತ್ತವೆ. ಗಂಡಿನ ಹೆಸರು ಉಂಡೆ, ಹೆಣ್ಣು ಬೆಲ್ಲಿ.

ಬೆಲ್ಲಿ ಮೊಟ್ಟೆಯಿಟ್ಟ ದಿನ ಮೇಘಶ್ರೀ ನನ್ನೊಳಗಿನ ಹುರುಳಿಯನ್ನು ಪಾತ್ರೆಗೆ ಸುರಿದು, ಮುಚ್ಚಳಕ್ಕೆ ಸೂಜಿಯಿಂದ ತೂತುಗಳನ್ನು ಮಾಡಿದಳು.

“ಹಲ್ಲಿಗೆ ಬಾಣಂತನ ಮಾಡೋಕೆ ನನ್ ಹುರುಳಿ ಡಬ್ಬನೇ ಬೇಕಿತ್ತೇನೆ?” ಎಂದರು ಅಜ್ಜಿ.

“ಹಲ್ಲಿ ಅಲ್ಲಜ್ಜಿ, ಗೆಕ್ಕೊ.”

“ಏನಂತ ಹೆಸರಿಟ್ರೂ, ಮೈಮೇಲೆ ಬಿದ್ರೆ ತಲೆಗೆ ನೀರು ಹಾಕ್ಕೊಳ್ಳೋದು ತಪ್ಪಲ್ಲ.”

ಊರಲ್ಲಿ ತೆಂಗಿನ ನಾರಿಗೆ ಬರವೇ? ನಾರಿನ ಪುಡಿಯನ್ನು ಒದ್ದೆ ಮಾಡಿ, ಹಿಂಡಿ ನನ್ನೊಳಗೆ ಹಾಸಿದಳು. ಮೇಲೆ ಎರಡು ಮೊಟ್ಟೆ, ಬಿಳಿ, ಮೆತ್ತಗೆ. ಅಡುಗೆಮನೆಯ ಬೆಚ್ಚನೆಯ ಗೂಡಿನಲ್ಲಿ ನನ್ನನ್ನು ಇಟ್ಟಳು. ಐಸ್ ಹೊತ್ತ ಮೈಯಲ್ಲಿ ಜೀವ ಹೊರುವ ಭಾಗ್ಯ. ನಾನು ಉಬ್ಬಿಹೋದೆ.

ಆದರೆ ಅವಳು ಕಾಲೇಜಿಗೆ ಹೋದೊಡನೆ ದಿನವೂ ಒಂದು ಕೈ ಬರುತ್ತಿತ್ತು. ಅಜ್ಜಿಯ ಕೈ. ಸೆರಗಿಗೆ ಒರೆಸಿಕೊಂಡು, ಮುಚ್ಚಳ ತೆಗೆದು, ಮೊಟ್ಟೆಗಳನ್ನು ಮೆಲ್ಲನೆ ಮಗುಚಿ ಮಲಗಿಸುತ್ತಿತ್ತು. “ಬೇಗ ಕಣ್ ಬಿಡಿ. ಆ ಹುಡುಗಿ ಕಾಯ್ತೈತೆ,” ಎನ್ನುತ್ತಿದ್ದರು. ಎಷ್ಟು ಅಕ್ಕರೆ ಎಂದು ನಾನೂ ಕರಗುತ್ತಿದ್ದೆ. ಡಬ್ಬಕ್ಕೇನು ಗೊತ್ತು.

ಮೊಟ್ಟೆಗಳು ಹಳದಿಯಾಗಿ ಬೂಸಲು ಹಿಡಿದವು.

ಮೇಘಶ್ರೀ ತಪ್ಪೆಲ್ಲ ತನ್ನದೇ ಎಂದುಕೊಂಡಳು. ಬೆಲ್ಲಿಗೆ ಸುಣ್ಣದಂಶ ಸಾಲದೇನೋ ಎಂದು, ತಿನ್ನಿಸುವ ಹುಳಗಳನ್ನು ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಕೊಟ್ಟಳು. ಮತ್ತೆ ಎರಡು ಮೊಟ್ಟೆ ಬಂದವು. ಈ ಸಲ ಪ್ರತಿಯೊಂದರ ನೆತ್ತಿಯ ಮೇಲೂ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟಳು. ವಾರ ಬಿಟ್ಟು ಮುಚ್ಚಳ ತೆಗೆದರೆ ಚುಕ್ಕೆಯೇ ಇಲ್ಲ. ಬಗ್ಗಿ ನೋಡಿದಳು. ಎರಡು ಚುಕ್ಕೆಯೂ ಅಡಿಯಲ್ಲಿದ್ದವು.

“ಅಜ್ಜಿ, ಇದನ್ನ ಯಾರು ಮುಟ್ಟಿದ್ದು?”

“ನಾನೇ ಕಣವ್ವ. ಕಾವಿಗೆ ಕೂತ ಕೋಳಿ ಮೊಟ್ಟೆ ತಿರುಗಿಸ್ತಾನೇ ಇರ್ತದೆ. ನಿನ್ ಬೆಲ್ಲಿ ಇಟ್ಟು ಎದ್ದೋದ್ಳು. ತಾಯಿ ಇಲ್ದಿದ್ದಕ್ಕೆ ಯಾರಾರ ತಿರುಗಿಸ್ಬೇಡ್ವಾ?”

ಮೇಘಶ್ರೀ ಗೋಡೆಗೊರಗಿದಳು. “ಇದನ್ನ ತಿರುಗಿಸಂಗಿಲ್ಲ ಅಜ್ಜಿ. ಒಳಗಿನ ಕೂಸು ಮೇಲ್ಗಡೆ ಅಂಟ್ಕೊಂಡಿರ್ತದೆ. ಮಗುಚಿದ್ರೆ ಉಸಿರು ಕಟ್ತದೆ.”

ಅಜ್ಜಿ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡರು. ಆ ಮೊಟ್ಟೆಗಳೂ ಉಳಿಯಲಿಲ್ಲ.

ಮೂರನೆಯ ಸಲ ಮೊಟ್ಟೆಯಿಟ್ಟಾಗ ಬೆಲ್ಲಿಯ ಬಾಲ ಬೆಂಡೆಕಾಯಿಯಷ್ಟು ಸೊರಗಿತ್ತು. ಮೇಘಶ್ರೀ ಇನ್ನು ಉಂಡೆಯನ್ನು ಅವಳ ಹತ್ತಿರ ಬಿಡುವುದಿಲ್ಲ ಎಂದು ತೀರ್ಮಾನಿಸಿದಳು. “ಇವೇ ಕೊನೆ, ಅಜ್ಜಿ. ಇವು ಹೋದ್ರೆ ಹೋಯ್ತು. ಅವಳನ್ನ ಕಳ್ಕೊಳ್ಳೋಕಾಗಲ್ಲ.”

ಅಜ್ಜಿ ಅಂದಿನಿಂದ ನನಗೆ ಕಾವಲು ಕೂತರು. ಒಂದು ದಿನ ಕೇಳಿದರು: “ಕೋಳಿ ಮೊಟ್ಟೆನ ದೀಪಕ್ಕಿಡಿದ್ರೆ ಜೀವ ಇರೋದು ಗೊತ್ತಾಯ್ತದೆ. ಇದ್ಕೂ ನೋಡ್ಬೋದಾ, ಮುಟ್ದಂಗೆ?” ಕಿಟಕಿ ಮುಚ್ಚಿ, ಇಬ್ಬರೂ ಮೊಬೈಲ್ ಟಾರ್ಚನ್ನು ಪಕ್ಕಕ್ಕೆ ಹಿಡಿದರು. ಒಂದು ಮೊಟ್ಟೆ ಬರೀ ಹಳದಿ. ಇನ್ನೊಂದರಲ್ಲಿ ಕೆಂಪು ದಾರದ ಹಾಗೆ ನೆತ್ತರಿನ ಎಳೆ.

“ಐತೆ,” ಎಂದರು ಅಜ್ಜಿ. ಅಷ್ಟೇ.

ಹಬ್ಬಕ್ಕೆ ಗೋಡೆಗೆ ಸುಣ್ಣ ಹೊಡೆಯುವವರು ಬಂದಾಗ ಗೂಡು ಖಾಲಿ ಮಾಡಬೇಕಾಯಿತು. ಅಜ್ಜಿಯ ಸೊಸೆ, ಮೇಘಶ್ರೀಯ ಅಮ್ಮ, ಕೈ ಹಾಕಲು ಬಂದರು. “ನೀನು ದಡಬಡ ಅಂತೀಯ, ಬಿಡು,” ಎಂದು ಅಜ್ಜಿ ನನ್ನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಪೂಜೆಯ ಕಳಶ ತಂದವರ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ದೇವರಮನೆಗೆ ನಡೆದರು. ಮಂಡಿನೋವಿನ ಆ ಮುದುಕಿಯ ಕೈಯಲ್ಲಿ ನಾರಿನ ಒಂದು ಎಳೆಯೂ ಅಲುಗಲಿಲ್ಲ. ಹಲ್ಲಿಗೆ ಮೈಲಿಗೆ ಎನ್ನುತ್ತಿದ್ದವರು ನನ್ನನ್ನು ಇಟ್ಟದ್ದು ದೇವರ ಪಕ್ಕದಲ್ಲಿ.

ಮಳೆ ಹಿಡಿದ ಒಂದು ಬೆಳಗ್ಗೆ ಮೊಟ್ಟೆ ಬೆವರಿತು. ನೆತ್ತಿಯ ಚುಕ್ಕೆಯ ಪಕ್ಕದಲ್ಲಿ ಸೀಳು ಬಿಟ್ಟು, ಕಡಲೆಕಾಯಿ ಬೀಜದಷ್ಟು ಮೂತಿ ಹೊರಬಂತು. ಮೊದಲು ಕಂಡವರು ಅಜ್ಜಿ.

“ಮಗಾ, ಓಡ್ಬಾ. ನಿನ್ ಹಲ್ಲಿ ಕೂಸು ನನ್ನೇ ನೋಡ್ತೈತೆ.”

ಮೇಘಶ್ರೀ ಈ ಸಲ ಗೆಕ್ಕೊ ಎಂದು ತಿದ್ದಲಿಲ್ಲ. ಅಜ್ಜಿಯ ಭುಜದ ಮೇಲೆ ಗಲ್ಲವಿಟ್ಟು ನೋಡುತ್ತಲೇ ನಿಂತಳು. ಆ ಮರಿ ಅಜ್ಜಿಯ ಕೈಬೆರಳೇರಿತು. ಅಜ್ಜಿ ಅಂದು ಎರಡನೇ ಸಲ ಸ್ನಾನ ಮಾಡಲಿಲ್ಲ.

ಈಗ ನನಗೆ ವಯಸ್ಸಾಯಿತು. ಅಂಚು ಸೀಳಿದೆ, ಮೈಮೇಲಿನ ಬಣ್ಣ ಅಳಿಸಿದೆ. ಬೆಲ್ಲಿಯ ಬಾಲ ಮತ್ತೆ ತುಂಬಿಕೊಂಡಿದೆಯಂತೆ. ಮುಚ್ಚಳದ ತೂತುಗಳು ಮೊಳಕೆ ಕಟ್ಟಲು ಅನುಕೂಲ ಎಂದು ಅಜ್ಜಿ ನೆನೆಸಿದ ಹುರುಳಿಯನ್ನು ನನ್ನೊಳಗೆ ಹಾಕುತ್ತಾರೆ. ಗೂಡಿನಿಂದ ಇಳಿಸುವಾಗ ಈಗಲೂ ಎರಡು ಕೈ ಹಿಡಿಯುತ್ತಾರೆ, ಓರೆ ಮಾಡುವುದಿಲ್ಲ. ಒಳಗಿರುವುದು ಬರೀ ಹುರುಳಿ ಎಂದು ಅವರಿಗೆ ಗೊತ್ತು.