ಡ್ರೈವ್ ಸೊನ್ನೆ

ಭಾನುವಾರ ಮಧ್ಯಾಹ್ನ ಊಟದ ಪಾತ್ರೆಗಳನ್ನು ಎತ್ತಿಟ್ಟ ಮೇಲೆ ಫರಹತ ನಡುಮನೆಯಲ್ಲಿ ಚಾದರ ಹಾಸಿ, ಅದರ ಮೇಲೆ ಕಂಪ್ಯೂಟರಿನ ಖಾಲಿ ಪೆಟ್ಟಿಗೆಯನ್ನು ಮಲಗಿಸಿದಳು. ಸಿಂದಗಿಯ ಪ್ರೌಢಶಾಲೆಯೊಂದರಲ್ಲಿ ಅವಳು ವಿಜ್ಞಾನ ಕಲಿಸುತ್ತಾಳೆ. ಮಕ್ಕಳಿಗೆ ಪ್ರಯೋಗ ತೋರಿಸುವಾಗಿನ ಹಾಗೆಯೇ ಸ್ಕ್ರೂಗಳನ್ನು ಅಳತೆಯ ಪ್ರಕಾರ ಬೇರೆ ಬೇರೆ ಬಟ್ಟಲಿಗೆ ಹಾಕಿ, ಮೈಯಲ್ಲಿನ ವಿದ್ಯುತ್ತು ಇಳಿಯಲೆಂದು ಹಿತ್ತಲಿನ ಕಬ್ಬಿಣದ ನಳ ಮುಟ್ಟಿ ಬಂದು ಕುಳಿತಳು. ಎದುರಿಗೆ ಗಂಡ ನಿಜಾಮುದ್ದೀನ ಟಾರ್ಚು ಹಿಡಿದು ಕುಳಿತ.

ಅವನ ದನಿ ಕೇಳದವರು ತಾಲೂಕಿನಲ್ಲಿ ಕಡಿಮೆ. ಪೋಲಿಯೋ ಹನಿ ಇರಲಿ, ಯಂಕಂಚಿಯ ಕಬಡ್ಡಿ ಪಂದ್ಯ ಇರಲಿ, ನಳಕ್ಕೆ ನೀರು ಬಾರದ ಸುದ್ದಿ ಇರಲಿ, ಆಟೋಕ್ಕೆ ಕಟ್ಟಿದ ಮೈಕಿನಿಂದ ಹೊರಡುತ್ತಿದ್ದುದು ಅವನದೇ ದನಿ. ಎಲ್ಲವನ್ನೂ ಮನೆಯಲ್ಲೇ ರೆಕಾರ್ಡ್ ಮಾಡಿ ಕೊಡುತ್ತಿದ್ದ. ಹೋದ ವರ್ಷ ಸೊಲ್ಲಾಪುರದ ಆಸ್ಪತ್ರೆಯಲ್ಲಿ ಗಂಟಲಿನ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಉಸಿರಾಡಲು ಕತ್ತಿನ ಬುಡದಲ್ಲಿ ಒಂದು ರಂಧ್ರ ಉಳಿಯಿತು. ಅದರೊಳಗೆ ಒಂದು ಪುಟ್ಟ ಕವಾಟ. ರಂಧ್ರವನ್ನು ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟರೆ ಮಾತು ಹೊರಡುತ್ತದೆ ಎಂದು ಡಾಕ್ಟರು ಕಲಿಸಿದ್ದರು. ಅಲ್ಲಿಯೇ ಒಮ್ಮೆ ಪ್ರಯತ್ನಿಸಿದ. ಹೊರಟ ಶಬ್ದ ಕೇಳಿ ಕೈ ಕೆಳಗಿಳಿಸಿದ. ಫರಹತ ಆಗ ಔಷಧಿ ತರಲು ಹೋಗಿದ್ದಳು. ಅಂದಿನಿಂದ ಹೇಳಬೇಕಾದುದನ್ನೆಲ್ಲ ಮೊಬೈಲಿನಲ್ಲಿ ಬರೆದು ತೋರಿಸುತ್ತಾನೆ.

ಹಳೆಯ ಕಂಪ್ಯೂಟರ್ ಸುಟ್ಟಾಗ ಉಳಿದದ್ದು ಹಾರ್ಡ್ ಡಿಸ್ಕ್ ಮಾತ್ರ. ರೆಕಾರ್ಡ್ ಮಾಡಿದ್ದನ್ನು ಪೆನ್ ಡ್ರೈವಿನಲ್ಲಿ ಒಯ್ದವರೆಲ್ಲ ಕೆಲಸ ಮುಗಿದೊಡನೆ ಅಳಿಸಿದ್ದರಿಂದ ಅವನ ದನಿ ಈಗ ಇರುವುದು ಅದೊಂದರಲ್ಲೇ. 'ಗುಜರಿಗೆ ಹಾಕು' ಎಂದು ಬರೆದು ತೋರಿಸಿದ್ದ. ಅವಳು ಅದನ್ನು ಓಢಣಿಯಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದಳು.

ಹೊಸ ಸಾಮಾನು ಕಳಿಸಿದವನು ಆಸಿಫ, ನಿಜಾಮುದ್ದೀನನ ಅಣ್ಣನ ಮಗ. ಇಂಡಿಯಲ್ಲಿ ಅವನ ಕಂಪ್ಯೂಟರ್ ಅಂಗಡಿ ಇದೆ. ಫೋನಿನ ಸ್ಪೀಕರಿನಲ್ಲಿ ಹೇಳುತ್ತಿದ್ದ.

"ಚಾಚಿ, ಹೊಸಾ ಡಿಸ್ಕು, ಆ ಎಸ್‌ಎಸ್‌ಡಿ ಚೆಕ್ ಮಾಡೇ ಕಳಿಸೇನಿ. ಅದರಾಗ ನನ್ನ ವಿಂಡೋಸ್ ಹಂಗಽ ಐತಿ, ಅಳಿಸಿ ನಿಮ್ಮದು ಹಾಕ್ಕೋರಿ. ಆದ್ರ ಅದಕ್ಕೂ ಮೊದಲ ಹಳೇ ಡಿಸ್ಕಿನ ವಾಯರ್ ಬಿಚ್ಚಿಡ್ರಿ. ಪರದಿ ಮ್ಯಾಲ ಎರಡೂ ಒಂದಽ ಜಿಬಿ ತೋರಸ್ತಾವು. ಅದಲು ಬದಲು ಆತಂದ್ರ ಮುಗೀತು."

"ಅಷ್ಟು ತಿಳೀತೈತಿ ನನಗ. ಬಿಎಸ್ಸಿ ಮಾಡೇನಿ."

"ಅದಕ್ಕಽ ಎರಡ ಸಲ ಹೇಳಾಕತ್ತೇನ್ರಿ" ಎಂದು ಆಸಿಫ ಫೋನಿಟ್ಟ.

ನಿಜಾಮುದ್ದೀನನ ಹೆಗಲು ಸದ್ದಿಲ್ಲದ ನಗುವಿಗೆ ಕುಲುಕಿತು. ಟಾರ್ಚಿನ ಬೆಳಕು ಅಲುಗಾಡಿತು.

"ನೆಟ್ಟಗ ಹಿಡೀರಿ" ಎಂದಳು ಫರಹತ.

ಪೆಟ್ಟಿಗೆಯೊಳಗೆ ಬೋರ್ಡು ಕೂರಿಸಿ, ಬೆರಳುದ್ದದ ಎಸ್‌ಎಸ್‌ಡಿಯನ್ನು ಬೋರ್ಡಿನ ಸೀಳಿಗೆ ಓರೆಯಾಗಿ ತೂರಿಸಿ, ಮೆಲ್ಲಗೆ ಒತ್ತಿ, ತುದಿಗೆ ಸ್ಕ್ರೂ ಬಿಗಿದಳು. ಹಳೆಯ ಡಿಸ್ಕನ್ನು ಕೆಳಗಿನ ಗೂಡಿನಲ್ಲಿ ಕೂರಿಸಿದಳು. ವಾಯರ್ ಹಚ್ಚದೆ ಬಿಡುವುದೆಂದೇ ಇದ್ದಳು. ಆದರೆ ಇಷ್ಟು ತಿಂಗಳು ಕಪಾಟಿನಲ್ಲಿದ್ದ ಡಿಸ್ಕು. ಜೀವ ಇದೆಯೋ ಇಲ್ಲವೋ. ಒಂದು ಸಲ ನೋಡಿಬಿಡೋಣವೆಂದು ವಾಯರ್ ಹಚ್ಚಿ, ಕಂಪ್ಯೂಟರ್ ಚಾಲೂ ಮಾಡಿ, ಬಾಗಿ ಕಿವಿಗೊಟ್ಟಳು. ಒಳಗೆ ಗುಂಯ್ ಎಂದು ತಿರುಗುವ ಸದ್ದು. ಪರದೆಯ ಮೇಲೆ ಅದರ ಹೆಸರೂ ಬಂತು.

"ಐತ್ರಿ, ಐತಿ" ಎಂದಳು.

ಅವನು ಟಾರ್ಚು ಆರಿಸಿ ಬೇರೆ ಕಡೆ ನೋಡಿದ.

ಈಗ ವಾಯರ್ ಬಿಚ್ಚಬೇಕಿತ್ತು. ಆದರೆ ಆ ಸದ್ದು ಕೇಳಿದ ಮೇಲೆ ಅವಳ ಕೈ ಮುಂದೆ ಹೋಗಲಿಲ್ಲ. ನೋಡಿಕೊಂಡು ಮಾಡಿದರಾಯಿತು ಎಂದುಕೊಂಡು ವಿಂಡೋಸ್ ಹಾಕಲು ಶುರು ಮಾಡಿದಳು. ನಿಜಾಮುದ್ದೀನ ಬಂದು ಅವಳ ಬೆನ್ನ ಹಿಂದೆ ಕುಳಿತ.

ಯಾವುದರಲ್ಲಿ ಹಾಕಬೇಕು ಎಂದು ಪರದೆ ಕೇಳಿತು. ಡ್ರೈವ್ ಸೊನ್ನೆ, ಡ್ರೈವ್ ಒಂದು. ಎರಡೂ 931 ಜಿಬಿ. ಎರಡರಲ್ಲೂ ಭಾಗಗಳಿದ್ದವು, ಕಂಪನಿಯ ಹೆಸರು ಎಲ್ಲೂ ಇರಲಿಲ್ಲ. ಫರಹತ ಯೋಚಿಸಿದಳು. ಎಸ್‌ಎಸ್‌ಡಿ ಕೂತದ್ದು ಬೋರ್ಡಿನ ಮೊದಲ ಜಾಗದಲ್ಲಿ. ಎಣಿಕೆ ಶುರುವಾಗುವುದು ಸೊನ್ನೆಯಿಂದ. ಆದ್ದರಿಂದ ಸೊನ್ನೆಯೇ ಹೊಸದು. ಈ ತರ್ಕದಲ್ಲಿ ಅವಳಿಗೆ ದೋಷ ಕಾಣಲಿಲ್ಲ. ಅದರ ಮೊದಲ ಭಾಗವನ್ನು ಆರಿಸಿ ಅಳಿಸಲು ಹೇಳಿದಳು. ಇದರೊಳಗಿನದೆಲ್ಲ ಹೋಗುತ್ತದೆ, ಆಗಬಹುದೇ ಎಂದು ಪರದೆ ಮತ್ತೊಮ್ಮೆ ಕೇಳಿತು. ಅವಳು ಮೌಸನ್ನು ಒಪ್ಪಿಗೆಯ ಗುಂಡಿಯತ್ತ ಸರಿಸಿದಳು.

"ತಡಿ."

ನೆಲಕ್ಕೆ ಉಜ್ಜುವ ಬಾಗಿಲಿನಂಥ ದನಿ. ಯಾರೋ ಬಂದರೆಂದು ಅವಳು ಹೊರಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ಬೆನ್ನ ಹಿಂದೆ ನಿಜಾಮುದ್ದೀನ ಅರ್ಧ ಎದ್ದು ನಿಂತಿದ್ದ. ಹೆಬ್ಬೆರಳು ಕತ್ತಿನ ರಂಧ್ರದ ಮೇಲಿತ್ತು. ಮೊಬೈಲು ಚಾದರದ ಮೇಲೆಯೇ ಬಿದ್ದಿತ್ತು.

"ಅದು ಹಳೇದು" ಎಂದ. ಉಸಿರು ತೆಗೆದುಕೊಂಡ. "ಇನ್ನೂರು ಒಂದ ಕಡೆ, ಉಳಿದದ್ದು ಒಂದ ಕಡೆ. ನಾನಽ ಪಾಲ ಮಾಡಿದ್ನಿ."

ಅವಳು ಪರದೆ ನೋಡಿದಳು. ಸೊನ್ನೆಯಲ್ಲಿ ಮೊದಲ ಭಾಗ ಇನ್ನೂರು ಜಿಬಿ. ಬೇಡವೆಂದು ಒತ್ತಿ, ಕಂಪ್ಯೂಟರ್ ಆರಿಸಿ, ಪೆಟ್ಟಿಗೆಯೊಳಗೆ ಕೈ ಹಾಕಿ ಹಳೆಯ ಡಿಸ್ಕಿನ ವಾಯರ್ ಎಳೆದಳು. ವಾಯರ್ ಹಿಡಿದುಕೊಂಡೇ ಅವನ ಕಡೆ ತಿರುಗಿದಳು. ಅಭ್ಯಾಸವಿಲ್ಲದವನ ಮಾತು ಅಷ್ಟು ಸ್ಪಷ್ಟವಾಗಿ ಬರಲಾರದು ಎಂಬುದು ಆಮೇಲೆ ಹೊಳೆಯಿತು.

"ಯಾವಾಗ ಕಲ್ತ್ರಿ?"

"ನೀ ಸಾಲಿಗೆ ಹೋದಾಗ."

"ನನ್ನ ಮುಂದ ಯಾಕ ಮಾತಾಡ್ಲಿಲ್ಲ?"

ಅವನು ನೆಲ ನೋಡಿದ. "ನನ್ನ ದನಿ ಕೇಳಿ ಲಗ್ನಕ್ಕ ಹ್ಞೂಂ ಅಂದಾಕಿ ನೀ."

"ದನಿ ಕೇಳಿ ಅಂತ ಯಾರ ಹೇಳ್ಯಾರ? ನಿಮ್ಮ ಮನಿಯೊಳಗ ನಳ ಇತ್ತು ಅಂತ ಹ್ಞೂಂ ಅಂದಿದ್ನಿ."

ಬೆರಳು ಜಾರಿತು. ಅವನ ನಗು ಕತ್ತಿನಿಂದ ಬರಿಯ ಗಾಳಿಯಾಗಿ ಬಂತು. ಅವಳೂ ನಕ್ಕಳು, ಓಢಣಿಯ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಗುಜರಿಗೆ ಹಾಕು ಅಂದಿದ್ರಿ. ಈಗ್ಯಾಕ ತಡದ್ರಿ?"

ಅವನು ಮತ್ತೆ ಬೆರಳು ಇಟ್ಟ. "ಹಾಕು ಅಂದಿದ್ದು ಸಿಟ್ಟಿನ್ಯಾಗ." ಉಸಿರು. "ಅದರಾಗ ನಾನೊಬ್ಬನಽ ಇಲ್ಲ. ನಾ ಒದರುವಾಗೆಲ್ಲಾ ಅಡಗಿ ಮನ್ಯಾಗಿಂದ ನೀ ಬೈತಿದ್ದಿ." ಉಸಿರು. "ಮತ್ತ ಮೊದಲಿಂದ ಹೇಳ್ತಿದ್ನಿ. ನೀ ಬೈದದ್ದು ಒಂದೂ ಅಳಿಸಿಲ್ಲ."

ಫರಹತ ವಾಯರನ್ನು ಕೆಳಗಿಟ್ಟಳು.

"ಏನಂತ ಬೈತಿದ್ನಿ?"

ಅವನು ಹೇಳಹೊರಟ. ನಡುವೆ ಉಸಿರು ಸಾಲಲಿಲ್ಲ. ಬೆರಳು ತೆಗೆದು ಎದೆ ತುಂಬಿಕೊಳ್ಳತೊಡಗಿದ. ಅವನ ಕೈ ಮೊಬೈಲಿನತ್ತ ಹೋದದ್ದು ಕಂಡು ಅವಳು ಅದನ್ನು ತನ್ನ ಕಡೆಗೆ ಸರಿಸಿಕೊಂಡಳು.

"ಅವಸರ ಇಲ್ರಿ" ಎಂದಳು. "ಹೇಳ್ರಿ."