ಪುಣ್ಯಕ್ಕೆ ಬಿಟ್ಟ ನಾಯಿ

ನಮ್ಮ ನಕೋನ್ ಸವನ್ ಊರಿನಲ್ಲಿ ನಾಯಿಯನ್ನು ಪ್ರೀತಿಸದವರು ಒಬ್ಬರೂ ಇಲ್ಲ. ಬೇಕಾದರೆ ಕೇಳಿ ನೋಡಿ, ಎಲ್ಲರೂ ಎದೆ ಮುಟ್ಟಿಕೊಂಡು ಹೇಳುತ್ತಾರೆ. ಹಾಗಾದರೆ ವಿಹಾರಗಳ ಅಂಗಳದಲ್ಲಿ ಕಜ್ಜಿ ಹಿಡಿದು ಬಿದ್ದಿರುವ ನಾಯಿಗಳೆಲ್ಲ ಆಕಾಶದಿಂದ ಉದುರಿದವು ಅಂತ ಕಾಣುತ್ತದೆ. ಮರಿಯನ್ನು ಅಕ್ಕಿಚೀಲದಲ್ಲಿ ತಂದು ವಿಹಾರದ ಗೋಡೆ ಬುಡದಲ್ಲಿಟ್ಟು, ಹೋಗುವಾಗ ಬುದ್ಧನಿಗೂ ಒಂದು ಕೈ ಮುಗಿದು ಹೋಗುವ ಜನ ನಮ್ಮವರು. ಹೇಗೂ ಭಿಕ್ಷುಗಳು ಅನ್ನ ಹಾಕುತ್ತಾರೆ, ಇವರಿಗೆ ಪಾಪ ತಟ್ಟುವುದಿಲ್ಲ.

ಸಾಮ್ಲಿ ಬಂದದ್ದೂ ಹಾಗೆಯೇ. ಅವಳನ್ನು ಬಿಟ್ಟ ಪುಣ್ಯಾತ್ಮರು ಚೀಲದ ಬಾಯಿ ಬಿಚ್ಚುವುದನ್ನು ಮಾತ್ರ ಮರೆತಿದ್ದರು. ಕಸ ಗುಡಿಸುವವನು ಚೀಲ ಹೊರಳಾಡುವುದನ್ನು ಕಂಡು ಒರತೈ ಅಕ್ಕನಿಗೆ ಫೋನ್ ಮಾಡಿದ. ಒರತೈ ಅಕ್ಕ ಪಶುವೈದ್ಯರ ಹತ್ತಿರ ಕೆಲಸಕ್ಕಿರುವವಳು. ಇಂಥ ನಾಯಿಗಳನ್ನು ಎತ್ತಿ ತಂದು, ವಾಸಿಮಾಡಿ, ಸಾಕುವ ಮನೆ ಸಿಗುವ ತನಕ ನನ್ನಂಥ ತಲೆಕೆಟ್ಟವರ ಹತ್ತಿರ ಇಡುತ್ತಾಳೆ. ನಾನಿರುವುದು ಹಿಯಾ ಕುವಾಂಗನ ಟೈರ್ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ. ಕೆಲಸವೂ ಅಲ್ಲೇ. ಅವನು ಚೀನೀ ಮನೆತನದವನು, ಅದಕ್ಕೆ ಎಲ್ಲರೂ ಹಿಯಾ, ಅಂದರೆ ಅಣ್ಣ, ಎಂದು ಕರೆಯುವುದು. ಸಾಮ್ಲಿ ಎಂದರೆ ನಮ್ಮಲ್ಲಿ ಹತ್ತಿ. ನಾಯಿ ಇದ್ದಿಲಿನ ಬಣ್ಣದ್ದು. ಹೆಸರಿಟ್ಟವನು ನಾನೇ.

"ಪೋಂಗ್, ಇದು ಟೈರ್ ಅಂಗಡಿ ಕಣೋ, ಮೃಗಾಲಯ ಅಲ್ಲ," ಎಂದ ಹಿಯಾ. "ಸೋಂಗ್‌ಕ್ರಾನ್ ಹಬ್ಬದೊಳಗೆ ಈ ಇದ್ದಿಲು ಇಲ್ಲಿಂದ ಹೋಗ್ಬೇಕು. ಇಲ್ಲಾಂದ್ರೆ ನೀವಿಬ್ರೂ ಗಂಟುಮೂಟೆ ಕಟ್ಟಿ."

ನಮ್ಮ ಹೊಸ ವರ್ಷದ ಆ ಹಬ್ಬಕ್ಕೆ ಮೂರು ತಿಂಗಳಿತ್ತು. ಅಷ್ಟರಲ್ಲಿ ಒಂದು ಮನೆ ಸಿಕ್ಕೀತು ಅಂದುಕೊಂಡೆ. ನಮ್ಮ ಜನರ ಮೇಲೆ ನನಗೆ ಆಗ ಅಷ್ಟು ನಂಬಿಕೆ ಇತ್ತು.

ಒಂದೇ ಬಣ್ಣದ ಅಂಗಿ ತೊಟ್ಟ ಗಂಡಹೆಂಡಿರಿಬ್ಬರು ಬಂದು ಅರ್ಧ ಗಂಟೆ ಫೋಟೋ ಹೊಡೆದುಕೊಂಡು, "ಮುಖವೇ ಬೀಳಲ್ಲ, ಬರೀ ಕಪ್ಪು ತೂತು," ಅಂತ ಎದ್ದು ಹೋದರು. ತೋಟದವನೊಬ್ಬನಿಗೆ ಕಾವಲಿಗೆ ಬೇಕಿತ್ತು. ಸರಪಳಿ ಎಷ್ಟುದ್ದ ಎಂದು ಕೇಳಿದೆ. "ನಾಯಿ ಎಷ್ಟುದ್ದಾನೋ ಅಷ್ಟು," ಎಂದ. ಹಾಗಾದರೆ ನೀವೇ ಕಟ್ಟಿಸಿಕೊಳ್ಳಿ, ಅಳತೆ ಸರಿಹೋಗುತ್ತದೆ ಎಂದೆ. ಒಂಬತ್ತನೇ ತರಗತಿಯಲ್ಲಿ ನನ್ನನ್ನು ದಡ್ಡನೆಂದು ಹೊರಗೆ ನಿಲ್ಲಿಸುತ್ತಿದ್ದ ಮೇಷ್ಟ್ರೂ ಬಂದರು. ನಾನು ಹಾಗೆ ನಿಂತವನು ಮತ್ತೆ ಒಳಗೆ ಹೋಗಲಿಲ್ಲ, ಅದು ಬೇರೆ ಮಾತು. ಮೇಷ್ಟ್ರು ಸಾಮ್ಲಿಯನ್ನು ಮೇಲೆ ಕೆಳಗೆ ನೋಡಿ, "ಬೆಳೀತಾ ಬೆಳೀತಾ ಬೆಳ್ಳಗಾಗುತ್ತಾ?" ಎಂದು ಕೇಳಿದರು.

ಬಂದ ಒಬ್ಬೊಬ್ಬರನ್ನೂ ನಾನು ಉಗಿದು ಕಳಿಸಿದೆ. ನನಗೆ ಮನುಷ್ಯರು ಗೊತ್ತಾಗುತ್ತಾರೆ ಎಂಬ ಹಮ್ಮು.

ಹಬ್ಬಕ್ಕೆ ಎರಡು ವಾರ ಉಳಿದಾಗ ವಿಲೈಲಕ್ ಬಂದಳು. ಪೇಟೆಯಲ್ಲಿ ಕೆಂಪು ಬಾಗಿಲಿನ ಚಿನ್ನದಂಗಡಿ ಅವಳದೇ. ಕಾರಿನಿಂದಿಳಿದು, ಗ್ರೀಸು ಮೆತ್ತಿದ ನೆಲದ ಮೇಲೆ ರೇಷ್ಮೆಯ ಲಂಗದಲ್ಲೇ ಮಂಡಿಯೂರಿ, ಸಾಮ್ಲಿಗೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದಳು. ಟೈರ್ ಕಳಚುತ್ತಿದ್ದ ಹಿಯಾ ಕೂಡ ಕೈ ನಿಲ್ಲಿಸಿ ನೋಡಿದ.

"ಪೂರ್ತಿ ಕಪ್ಪಾ? ಎಲ್ಲೂ ಬಿಳಿ ಇಲ್ವಾ?"

"ಹಲ್ಲು ಬಿಳಿ, ಅಮ್ಮಾವ್ರೇ."

ಅವಳು ನಗಲಿಲ್ಲ. ಕಿವಿ ಮಡಚಿ ನೋಡಿದಳು, ಹೊಟ್ಟೆ ನೋಡಿದಳು, ಬೆರಳ ಸಂದಿ ನೋಡಿದಳು. ಉಣ್ಣೆಹುಳ ಹುಡುಕುತ್ತಿದ್ದಾಳೆ, ಎಷ್ಟು ಕಾಳಜಿಯ ಹೆಂಗಸು ಅಂದುಕೊಂಡೆ.

"ಎಷ್ಟು ದಿನದಿಂದ ಇಟ್ಕೊಂಡಿದ್ದೀರಾ ಇದನ್ನ?"

"ಎರಡೂವರೆ ತಿಂಗಳು."

"ಪಾಪದ ಜೀವ," ಎಂದಳು. ಕಣ್ಣಲ್ಲಿ ನಿಜವಾಗಿ ನೀರು. "ಎಷ್ಟು ಕೊಡ್ಬೇಕು?"

"ದುಡ್ಡು ಬೇಡ. ಮನೆ ತೋರಿಸಿ, ಸಾಕೋ ಕಾಗದಕ್ಕೆ ರುಜು ಹಾಕಿ. ಒಂದು ವಾರ ದಿನಕ್ಕೊಂದು ಫೋಟೋ ಕಳಿಸಿ."

"ಒಟ್ಟು ಏಳು. ಅಷ್ಟೇ ತಾನೆ?"

"ಅಷ್ಟೇ."

ಮನೆ ನೋಡಿ ಬಂದೆ. ಎದೆಯೆತ್ತರದ ಗೋಡೆ, ಮಾವಿನ ಮರದ ನೆರಳು, ನಾಯಿಗೆಂದೇ ಒಂದು ಫ್ಯಾನು. ಶುಕ್ರವಾರ ಕಾರು ಬಂತು. ಸಾಮ್ಲಿ ಹತ್ತಲಿಲ್ಲ. ನಾಲ್ಕೂ ಕಾಲನ್ನು ನೆಲಕ್ಕೆ ಊರಿ ನಿಂತಳು. ಎತ್ತಿ ಒಳಗೆ ಕೂರಿಸಿ ಬಾಗಿಲು ಹಾಕಿದವನು ನಾನು. "ದಡ್ಡಿ, ರಾಣಿ ಆಗ್ತೀಯ ಹೋಗು," ಅಂತ ಬೈದೆ ಬೇರೆ.

ಮರುದಿನದಿಂದ ಫೋಟೋಗಳು ತಪ್ಪದೆ ಬಂದವು. ಸ್ನಾನ ಮಾಡಿಸಿದ ಸಾಮ್ಲಿ, ಚೆಂಡುಹೂವಿನ ಹಾರ ಹಾಕಿಸಿಕೊಂಡ ಸಾಮ್ಲಿ, ಕೋಳಿ ತಿನ್ನುತ್ತಿರುವ ಸಾಮ್ಲಿ. ಹಿಯಾನಿಗೂ ತೋರಿಸಿದೆ. "ನನಗಿಂತ ಚೆನ್ನಾಗಿ ಉಣ್ತಾ ಇದೆ ಬಡ್ಡೀಮಗಂದು," ಎಂದ. ಆರನೇ ದಿನ, ಗುರುವಾರ, ಚಹಾ ಕುಡಿಯುತ್ತ ಹಿಂದಿನವನ್ನೆಲ್ಲ ಮತ್ತೆ ತೆಗೆದು ನೋಡಿದೆ. ಮೂರನೇ ದಿನದ ಫೋಟೋದಲ್ಲಿ ಬಟ್ಟಲಿನೊಳಗೆ ಅರ್ಧ ಕಡಿದ ಕೋಳಿ ಕಾಲು. ಐದನೇ ದಿನವೂ ಅದೇ ಕಾಲು, ಅದೇ ಕಡಿತ. ಹಾರದ ಒಂದು ಹೂವೂ ಬಾಡಿರಲಿಲ್ಲ. ನಮ್ಮ ಬೇಸಿಗೆಯಲ್ಲಿ ಮನುಷ್ಯರೇ ಮಧ್ಯಾಹ್ನಕ್ಕೆ ಬಾಡುತ್ತಾರೆ.

ಕೈ ಕೂಡ ತೊಳೆಯದೆ ಚಿನ್ನದಂಗಡಿಗೆ ಹೋದೆ.

"ಓ, ಪೋಂಗ್! ಬಾ ಬಾ," ಎಂದಳು ವಿಲೈಲಕ್. ಮುಖದಲ್ಲಿ ಕಳ್ಳತನದ ಗೆರೆಯೂ ಇಲ್ಲ. "ನಾನೇ ಹೇಳಿಕಳಿಸೋಣ ಅಂತಿದ್ದೆ. ನಿನ್ನೆ ಬಿಟ್ಟೆ ಕಣಪ್ಪ."

"ಏನನ್ನ ಬಿಟ್ರಿ?"

"ನಾಯೀನ. ಹೊಳೆ ಆಚೆ ವಿಹಾರದಲ್ಲಿ. ಒಳ್ಳೇ ಮುಹೂರ್ತ ಸಿಕ್ತು."

ಗ್ರೀಸು ಮೆತ್ತಿದ ಕೈಯನ್ನು ಗಲ್ಲಾದ ಮೇಲೆ ಊರಿದೆ. ಅವಳು ಧಾರಾಳವಾಗಿ ವಿವರಿಸತೊಡಗಿದಳು. ರಾಹು ಮನೆ ಬದಲಾಯಿಸಿದ್ದಾನಂತೆ. ಎಂಟು ಕಪ್ಪು ಪದಾರ್ಥ ಇಟ್ಟು ಪೂಜೆ ಮಾಡಿದರೆ ಸಾಲದು, ಸೆರೆಯಲ್ಲಿರುವ ಒಂದು ಕಪ್ಪು ಜೀವವನ್ನೂ ಬಿಡುಗಡೆ ಮಾಡಿಸಬೇಕು ಎಂದು ಜ್ಯೋತಿಷಿ ಹೇಳಿದ್ದನಂತೆ.

"ಕಪ್ಪು ಕೋಳಿ, ಕಪ್ಪು ಕಾಫಿ, ಕಪ್ಪು ಅಲಸಂದೆ, ಎಲ್ಲಾ ಸಿಕ್ತು. ಜೀವಾನೇ ಸಿಗ್ಲಿಲ್ಲ. ವಿಹಾರದ ಬಾಗಿಲಲ್ಲಿ ಬಿಡೋಕೆ ಅಂತ ಮಾರೋ ಗುಬ್ಬಿ ಎಲ್ಲಾ ಕಂದು. ಹಾವುಮೀನು ತರಿಸ್ದೆ, ಅದರ ಹೊಟ್ಟೆ ಬೆಳ್ಳಗೆ. ಕೊನೆಗೆ ನಿನ್ನ ಹತ್ರ ಇದು ಸೆರೆ ಇದೆ ಅಂತ ಗೊತ್ತಾಯ್ತು."

"ಸೆರೆ ಅಲ್ಲ, ನಾನು ಸಾಕ್ತಿದ್ದೆ! ಸಾಯೋ ತನಕ ನೋಡ್ಕೋತೀನಿ ಅಂತ ರುಜು ಹಾಕಿದ್ದೀರಲ್ರೀ!"

"ಬಿಡಿಸಿಕೊಂಡಿದ್ದಕ್ಕೆ ಹಾಕ್ದೆ. ಕಸಾಯಿಖಾನೆಯಿಂದ ಹಸು ಬಿಡಿಸುವಾಗ್ಲೂ ಹಾಕ್ತೀವಿ."

"ಓದ್ಲಿಲ್ವಾ?"

"ಪುಣ್ಯದ ಕಾಗದ ಯಾರಾದ್ರೂ ಓದ್ತಾರೇನೋ?"

ಫೋಟೋಗಳ ಬಗ್ಗೆ ಕೇಳಿದೆ. ಏಳು ಬೇಕೆಂದಿದ್ದೆನಲ್ಲ, ಮರೆತುಹೋದೀತು ಅಂತ ಮೊದಲ ದಿನವೇ ಏಳನ್ನೂ ತೆಗೆಸಿಟ್ಟಿದ್ದಳಂತೆ. ಕೊನೆಯದು ನಾಳೆ ಬರುತ್ತದಂತೆ, ಕೊಟ್ಟ ಮಾತಿಗೆ ತಪ್ಪುವವಳಲ್ಲವಂತೆ.

"ನಿನ್ನ ಹೆಸರೂ ಹೇಳಿ ಧಾರೆ ಎರೆದಿದ್ದೀನಿ," ಎಂದಳು. "ಅರ್ಧ ಪುಣ್ಯ ನಿಂದೇ."

ಗಲ್ಲಾದ ಹಿಂದಿನ ಮೂವರು ಹುಡುಗಿಯರು ಕೈ ಜೋಡಿಸಿ ಸಾಧು ಸಾಧು ಎಂದರು. ನಾನು ಅಂದದ್ದನ್ನು ಇಲ್ಲಿ ಬರೆದರೆ ಯಾರೂ ಅಚ್ಚು ಹಾಕುವುದಿಲ್ಲ. ನನ್ನ ಪಾಲಿನ ಅರ್ಧವನ್ನು ಎಲ್ಲಿಟ್ಟುಕೊಳ್ಳಬೇಕೆಂದೂ ಹೇಳಿದೆ. ಅವಳು ಸಿಟ್ಟಾಗಲೂ ಇಲ್ಲ. "ನೀನು ಹುಟ್ಟಿದ್ದು ಯಾವ ವಾರ?" ಎಂದು ಕನಿಕರದಿಂದ ಕೇಳಿದಳು. "ಒಂದ್ಸಲ ನಮ್ಮ ಜ್ಯೋತಿಷಿಗೆ ತೋರಿಸು. ನಿಂಗೂ ಏನೋ ಹಿಡಿದಿದೆ."

ಸುಳ್ಳು ಹೇಳಿದ್ದರೆ ಹಿಡಿಯುತ್ತಿದ್ದೆ. ಅವಳು ಒಂದು ಸುಳ್ಳೂ ಹೇಳಿರಲಿಲ್ಲ. ಸೇತುವೆಯ ಮೇಲೆ ಬೈಕು ಓಡಿಸುತ್ತ ಗಾಳಿಯನ್ನೇ ಬೈದದ್ದು ಅದಕ್ಕೆ.

ಹೊಳೆಯಾಚೆಯ ವಿಹಾರದಲ್ಲಿ ಬಿಳಿ ಬಟ್ಟೆಯ ಮುದಿ ಸನ್ಯಾಸಿನಿಯೊಬ್ಬಳು ಎಲೆ ಗುಡಿಸುತ್ತಿದ್ದಳು.

"ಅವ್ವಾ, ನಿನ್ನೆ ಬಿಟ್ಟು ಹೋದ ಕಪ್ಪು ನಾಯಿ ನೋಡಿದ್ರಾ?"

"ಯಾವ್ದಪ್ಪಾ?" ಎಂದಳು ತಲೆಯೆತ್ತದೆ. "ರಾಹು ತಿರುಗಿದಾಗಿಂದ ಹನ್ನೊಂದು ಕಪ್ಪು ಬಂದು ಬಿದ್ದಿವೆ. ಇನ್ನು ಗುರು ತಿರುಗಲಿ, ಹಳದಿ ಬರ್ತವೆ. ನಮಗೆ ಪಂಚಾಂಗಾನೇ ಬೇಡ, ನಾಯಿ ನೋಡಿದ್ರೆ ಸಾಕು."

"ನಂದು ವರ್ಷ ಕೂಡ ತುಂಬದ ಹೆಣ್ಣು. ಕೊರಳಲ್ಲಿ ಹಾರ ಇರ್ಬಹುದು."

"ಎಲ್ಲದರ ಕೊರಳಲ್ಲೂ ಹಾರ ಇದ್ವು. ಹಳೇ ನಾಯಿಗಳು ಹೊಸಾವನ್ನ ಅನ್ನದ ಕಟ್ಟೆ ಹತ್ರ ಸೇರಿಸಲ್ಲ. ಹೆಣ ಸುಡೋ ಕಟ್ಟಡದ ಹಿಂದೆ ನೋಡು."

ಅಲ್ಲಿದ್ದಳು. ಬೂದಿ ಸುರಿಯುವ ಜಾಗದ ಪಕ್ಕ, ಗೋಡೆಗೆ ಬೆನ್ನು ಒತ್ತಿಕೊಂಡು. ಎಡಗಿವಿ ಸೀಳಿತ್ತು, ರಕ್ತ ಒಣಗಿ ಹೊಳೆಯುತ್ತಿತ್ತು. ಹಾರದ ದಾರ ಮಾತ್ರ ಉಳಿದಿತ್ತು. "ಸಾಮ್ಲೀ," ಎಂದು ಕರೆದೆ. ಎರಡೂವರೆ ತಿಂಗಳು ನನ್ನ ಚಪ್ಪಲಿಗಳನ್ನು ಕಡಿದು, ನನ್ನ ಹೊಟ್ಟೆಯ ಮೇಲೆ ತಲೆಯಿಟ್ಟು ಮಲಗಿದವಳು ನನ್ನನ್ನು ನೋಡಿ ಹಲ್ಲು ಕಿರಿದು ಗುರ್ ಎಂದಳು. ಇನ್ನೊಂದು ಹೆಜ್ಜೆ ಇಟ್ಟೆ. ಗೋಡೆಯೊಳಗೇ ಇಳಿದುಬಿಡುವವಳಂತೆ ಮುದುಡಿದಳು.

ಸನ್ಯಾಸಿನಿ ಪೊರಕೆ ಹಿಡಿದು ಹಿಂದೆಯೇ ಬಂದಿದ್ದಳು. "ಎತ್ತೋಕೆ ಹೋಗ್ಬೇಡ. ಎತ್ತಿ ಎತ್ತಿ ಹಾಕಿದ ನಾಯಿ ಹಂಗೇ ಆಡ್ತದೆ. ಕೊನೇ ಸಲ ಕಾರಿಗೆ ಎತ್ತಿ ಹಾಕಿದೋರು ಯಾರು?"

"ನಾನು."

"ಹಂಗಾದ್ರೆ ಕೂತ್ಕೋ," ಎಂದು ಗುಡಿಸಲು ಹೋದಳು.

ಕೂತೆ. ಒರತೈ ಅಕ್ಕನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವಳು ವಿಲೈಲಕ್‌ಳ ಏಳು ತಲೆಮಾರನ್ನು ಬೈದು ಮುಗಿಸುವವರೆಗೆ ಕಾದು, "ಅಕ್ಕಾ, ಕಾಗದದಲ್ಲಿ ನನ್ನ ಹೆಸರು ಬರ್ಕೋ," ಎಂದೆ.

"ನಿನ್ನದಾ? ಬೇಲಿ ಎಲ್ಲಿದ್ಯೋ ನಿಂಗೆ? ಮನೇನೇ ಇಲ್ಲ. ಬೇರೆ ಯಾರಾದ್ರೂ ಹಿಂಗೆ ಬಂದು ಕೇಳಿದ್ರೆ ನೀನೇ ಕ್ಯಾಕರಿಸಿ ಉಗೀತಿದ್ದೆ."

"ಉಗೀತಿದ್ದೆ."

"ಹಿಯಾ ಒಪ್ತಾನಾ?"

"ಕೇಳ್ತೀನಿ."

ನಾನು ಯಾರನ್ನೂ ಏನನ್ನೂ ಕೇಳುವವನಲ್ಲ. ಕೇಳದೇ ಇರುವುದೇ ದೊಡ್ಡಸ್ತಿಕೆ ಎಂದು ಇಪ್ಪತ್ತೆರಡು ವರ್ಷ ಕಳೆದವನು. ನಂಬರು ಒತ್ತಿದೆ.

"ಎಲ್ಲಿ ಸತ್ತೆಯೋ?" ಹಿಯಾನ ಹಿಂದೆ ಲಾರಿಯ ಹಾರನ್ನು ಒಂದೇ ಸಮನೆ ಕೂಗುತ್ತಿತ್ತು. "ಮೂರು ಲಾರಿ ನಿಂತಿವೆ ಇಲ್ಲಿ!"

"ಹಿಯಾ, ಸಾಮ್ಲೀನ ವಿಹಾರದಲ್ಲಿ ಬಿಟ್ಟು ಹೋಗಿದ್ದಾಳೆ ಆ ಹೆಂಗಸು. ವಾಪಸ್ ಕರ್ಕೊಂಡು ಬರ್ತೀನಿ. ಹಬ್ಬ ಆದ್ಮೇಲೂ ಇರ್ತಾಳೆ. ನಂಜೊತೇನೇ. ದಯವಿಟ್ಟು."

ಕೊನೆಯ ಮಾತು ಕೇಳಿ ಹಿಯಾ, "ಏನಂದೆ?" ಎಂದ. ಅದನ್ನು ನನ್ನ ಬಾಯಿಂದ ಅವನು ಕೇಳಿದ್ದು ಅದೇ ಮೊದಲು. ಆಮೇಲೆ ಚೀನೀ ಭಾಷೆಯಲ್ಲಿ ಒಂದು ನಿಮಿಷ ಬೈದ. ನನಗೋ, ಲಾರಿಯವನಿಗೋ, ಚಿನ್ನದಂಗಡಿಗೋ ಗೊತ್ತಾಗಲಿಲ್ಲ.

"ನಾಯಿ ಆಗ್ಲಿ, ಆನೆ ಆಗ್ಲಿ, ಕರ್ಕೊಂಡು ಬಾ. ಬೇಗ ಬಾ."

"ಬೇಗ ಆಗಲ್ಲ ಹಿಯಾ."

"ಯಾಕೋ?"

"ಅವಳಿನ್ನೂ ಒಪ್ಪಿಲ್ಲ."

ಫೋನ್ ಜೇಬಿಗೆ ಹಾಕಿಕೊಂಡು, ಇದ್ದ ಜಾಗದಿಂದ ಎರಡು ಮಾರು ಹಿಂದಕ್ಕೆ ಸರಿದು, ಅವಳಿಗೆ ಬೆನ್ನು ಹಾಕಿ ಕೂತೆ.